ಒಂದೇ ವೈಫೈ ಪಾಸ್‌ವರ್ಡ್ ಬಿಟ್ಟು ಆಳಿಗೊಂದು ಲಾಗಿನ್: ಯಾವ ವಿಧಾನ ಆರಿಸಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಕಾಲೇಜಿನ ವೈಫೈ ಪಾಸ್‌ವರ್ಡ್ ಬದಲಾಯಿಸಿ ಮೂರು ದಿನ ಕಳೆಯುವುದರೊಳಗೆ ಅದು ಎದುರಿನ ಜೆರಾಕ್ಸ್ ಅಂಗಡಿಗೂ ಗೊತ್ತಾಗಿರುತ್ತದೆ. ಆಗ ‘ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಡೋಣ’ ಎಂಬ ಮಾತು ಬರುತ್ತದೆ. ಯಾರೋ ಆಕ್ಸೆಸ್ ಪಾಯಿಂಟ್‌ನಲ್ಲಿ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ) ‘ಎಂಟರ್‌ಪ್ರೈಸ್’ ಎಂಬ ಆಯ್ಕೆ ಒತ್ತುತ್ತಾರೆ. ಎರಡು ದಿನ ಒದ್ದಾಡುತ್ತಾರೆ. ಕೊನೆಗೆ ಹಳೆಯ ಪಾಸ್‌ವರ್ಡ್‌ಗೇ ವಾಪಸ್.

ಕಾಲೇಜು, ಸಹಕಾರಿ ಸಂಘ, ಸಣ್ಣ ಕಚೇರಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬಹುತೇಕ ಕಡೆ ಎಡವಿದ್ದು ಕ್ರಮದಲ್ಲಿ. ಕೊನೆಗೆ ಮುಟ್ಟಬೇಕಾದ ಆಕ್ಸೆಸ್ ಪಾಯಿಂಟನ್ನು ಮೊದಲೇ ಮುಟ್ಟಿರುತ್ತಾರೆ. ಮೊದಲು ಆಗಬೇಕಾದ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಕೆಲಸ ಆಗಿಯೇ ಇರುವುದಿಲ್ಲ. ಹಾಗಾಗಿ ಇಲ್ಲಿರುವ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ನಡುವೆ ಹಾರಬೇಡಿ.

ಹಂತ 1: ಜನ ಮತ್ತು ಸಾಧನಗಳ ಪಟ್ಟಿ ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಖಾಯಂ ಸಿಬ್ಬಂದಿ ಎಷ್ಟು, ವರ್ಷಕ್ಕೊಮ್ಮೆ ಬದಲಾಗುವ ವಿದ್ಯಾರ್ಥಿಗಳು ಎಷ್ಟು, ಒಂದೆರಡು ದಿನಕ್ಕೆ ಬರುವ ಅತಿಥಿಗಳು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಪ್ರತಿ ಗುಂಪಿನ ಮುಂದೆ ಅವರಿಗೆ ಏನೇನು ತಲುಪಬೇಕು ಎಂಬುದನ್ನೂ ಬರೆಯಿರಿ: ಬರೀ ಇಂಟರ್ನೆಟ್ಟೋ, ಪ್ರಿಂಟರ್ರೋ, ಲೆಕ್ಕಪತ್ರದ ಸರ್ವರ್ರೋ.

ನಂತರ ಸಾಧನಗಳು. ಲ್ಯಾಪ್‌ಟಾಪ್, ಫೋನ್ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವುದು ಸಿಸಿಟಿವಿ, ಬೆರಳಚ್ಚಿನ ಹಾಜರಿ ಯಂತ್ರ, ಪ್ರಿಂಟರ್, ಸ್ಮಾರ್ಟ್ ಟಿವಿ. ಇವುಗಳಲ್ಲಿ ಹೆಚ್ಚಿನವಕ್ಕೆ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಶಕ್ತಿಯೇ ಇಲ್ಲ. ಪಟ್ಟಿಯಲ್ಲಿ ಇವಕ್ಕೆ ಬೇರೆ ಕಾಲಂ ಇರಲಿ. ಇದನ್ನು ಬಿಟ್ಟವರಿಗೆ ಬದಲಾವಣೆಯ ಮರುದಿನ ಬೆಳಗ್ಗೆ ಹಾಜರಿ ಯಂತ್ರ ಕೈಕೊಡುತ್ತದೆ. ಆಮೇಲೆ ಇಡೀ ಯೋಜನೆಯೇ ನಿಲ್ಲುತ್ತದೆ.

ಹಂತ 2: ವಿಧಾನ ಆರಿಸಿ

ಪ್ರತಿ ವಿಧಾನಕ್ಕೂ ಎರಡು ಪ್ರಶ್ನೆ ಕೇಳಿ. ಗುಟ್ಟು ಯಾರ ಕೈಯಲ್ಲಿದೆ? ಒಬ್ಬರು ಕೆಲಸ ಬಿಟ್ಟು ಹೋದ ದಿನ ಉಳಿದವರಿಗೆ ತೊಂದರೆ ಕೊಡದೆ ಅವರೊಬ್ಬರನ್ನೇ ಹೊರಗಿಡಲು ಆಗುತ್ತದೆಯೇ? ವೇಗ, ಬೆಲೆ, ಬ್ರಾಂಡ್ ಎಲ್ಲ ಆಮೇಲಿನ ಮಾತು.

ಡಬ್ಲ್ಯೂಪಿಎ2 ಹಂಚಿಕೆ ಪಾಸ್‌ವರ್ಡ್: ಡಬ್ಲ್ಯೂಪಿಎ ಎಂದರೆ ವೈಫೈ ಭದ್ರತೆಯ ಪದ್ಧತಿ, 2 ಮತ್ತು 3 ಅದರ ತಲೆಮಾರುಗಳು. ಇದರಲ್ಲಿ ಎಲ್ಲರ ಕೈಯಲ್ಲೂ ಒಂದೇ ಬೀಗದ ಕೈ. ಫೋನ್ ಸಂಪರ್ಕವಾಗುವಾಗ ನಡೆಯುವ ನಾಲ್ಕು ಸಂದೇಶಗಳ ಕೈಕುಲುಕನ್ನು (ಹ್ಯಾಂಡ್‌ಶೇಕ್, ಅಂದರೆ ಪರಸ್ಪರ ಗುರುತು ಹಿಡಿಯುವ ಮಾತುಕತೆ) ಹೊರಗೆ ನಿಂತವರು ಹಿಡಿದಿಟ್ಟುಕೊಂಡರೆ ಸಾಕು. ಮನೆಗೆ ಹೋಗಿ ತಮ್ಮ ಕಂಪ್ಯೂಟರ್‌ನಲ್ಲಿ ಕೋಟಿಗಟ್ಟಲೆ ಪಾಸ್‌ವರ್ಡ್ ಹಾಕಿ ನೋಡಬಹುದು. ಪಾಸ್‌ವರ್ಡ್ ಗೊತ್ತಿದ್ದವರು ಅದೇ ಕೈಕುಲುಕು ಹಿಡಿದರೆ ಪಕ್ಕದವರ ಸಂಚಾರವನ್ನೂ ಬಿಡಿಸಬಹುದು. ಹೊರಗಿಡಬೇಕಾದವರು ಒಬ್ಬರೇ ಆದರೂ ಎಲ್ಲರ ಪಾಸ್‌ವರ್ಡ್ ಬದಲಾಯಿಸಬೇಕು.

ಡಬ್ಲ್ಯೂಪಿಎ3 ಹಂಚಿಕೆ ಪಾಸ್‌ವರ್ಡ್: 2018ರಲ್ಲಿ ಬಂದ ಇದರಲ್ಲಿ ಎಸ್‌ಎಇ ಎಂಬ ಹೊಸ ಕೈಕುಲುಕು ಇದೆ. ಪ್ರತಿ ಊಹೆಗೂ ಆಕ್ಸೆಸ್ ಪಾಯಿಂಟ್ ಜೊತೆಗೇ ಮಾತಾಡಬೇಕು, ಮನೆಗೊಯ್ದು ಒಡೆಯುವುದು ನಡೆಯದು. ಪಾಸ್‌ವರ್ಡ್ ಆಮೇಲೆ ಸೋರಿದರೂ ಹಿಂದೆ ಹಿಡಿದಿಟ್ಟ ಸಂಚಾರ ಬಿಡಿಸಲಾಗದು. ಬಳಕೆದಾರರನ್ನು ಸುಳ್ಳು ಸಂದೇಶ ಕಳಿಸಿ ಬೀಳಿಸುವ ಆಟಕ್ಕೂ ತಡೆ ಇದೆ. ಆದರೆ ಗುಟ್ಟು ಮಾತ್ರ ಈಗಲೂ ಎಲ್ಲರಿಗೂ ಒಂದೇ. ಮನೆಗೆ ಇದು ತುಂಬಾ ಒಳ್ಳೆಯದು. ಇನ್ನೂರು ಜನರ ಕಾಲೇಜಿನ ಸಮಸ್ಯೆಯನ್ನು ಇದು ಬಗೆಹರಿಸುವುದಿಲ್ಲ. ಇನ್ನೊಂದು ಎಚ್ಚರ: ಎರಡೂ ಸೇರಿದ ಮಿಶ್ರ ಮೋಡ್ ಇಟ್ಟರೆ ಡಬ್ಲ್ಯೂಪಿಎ2 ದಾರಿ ತೆರೆದೇ ಇರುತ್ತದೆ. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಹಳೆಯ ಅಪಾಯ ಹಾಗೇ ಉಳಿಯಿತು ಅಂತಲೇ ತಿಳಿಯಿರಿ.

ಮ್ಯಾಕ್ ವಿಳಾಸದ ಪಟ್ಟಿ: ಮ್ಯಾಕ್ ವಿಳಾಸ ಎಂದರೆ ಸಾಧನದ ಗುರುತಿನ ಸಂಖ್ಯೆ, ಪಟ್ಟಿಯಲ್ಲಿದ್ದವನ್ನಷ್ಟೇ ಒಳಬಿಡುವ ವಿಧಾನ ಇದು. ಇದನ್ನು ಭದ್ರತೆ ಎಂದು ಎಣಿಸಲೇಬೇಡಿ. ಮ್ಯಾಕ್ ವಿಳಾಸ ಗಾಳಿಯಲ್ಲಿ ಬಿಚ್ಚಿಟ್ಟೇ ಹೋಗುತ್ತದೆ, ನಕಲು ಮಾಡಲು ಒಂದು ನಿಮಿಷವೂ ಬೇಡ. ಮೇಲಾಗಿ ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಪ್ರತಿ ವೈಫೈಗೂ ಬೇರೆ ಬೇರೆ ಮ್ಯಾಕ್ ತೋರಿಸುತ್ತವೆ. ಪಟ್ಟಿ ನೋಡಿಕೊಳ್ಳುವವರಿಗೆ ಸುಮ್ನೆ ತಲೆನೋವು.

ಲಾಗಿನ್ ಪುಟ: ಬಸ್ ನಿಲ್ದಾಣ, ಹೋಟೆಲ್‌ಗಳಲ್ಲಿ ಮೊಬೈಲ್ ನಂಬರ್ ಹಾಕಿ ಒಟಿಪಿ ಪಡೆಯುತ್ತೇವಲ್ಲ, ಅದೇ. ಅತಿಥಿಗಳಿಗೆ ಇದು ಸರಿ. ಆದರೆ ಪುಟದ ಹಿಂದಿರುವ ವೈಫೈ ಸಾಮಾನ್ಯವಾಗಿ ತೆರೆದದ್ದು, ಗೂಢಲಿಪಿ ಇಲ್ಲ. ಲಾಗಿನ್ ಆದವರ ಮ್ಯಾಕ್ ವಿಳಾಸ ನಕಲು ಮಾಡಿ ಒಳನುಗ್ಗಬಹುದು. ಸಿಬ್ಬಂದಿಗೆ ಇದನ್ನು ಕೊಡಬೇಡಿ.

802.1ಎಕ್ಸ್, ಅಂದರೆ ಎಂಟರ್‌ಪ್ರೈಸ್: ನಮಗೆ ಬೇಕಾದದ್ದು ಇದು. ಇದರಲ್ಲಿ ಮೂವರು ಇರುತ್ತಾರೆ. ಒಳಬರಲು ಕೇಳುವ ಫೋನ್, ಬಾಗಿಲು ಕಾಯುವ ಆಕ್ಸೆಸ್ ಪಾಯಿಂಟ್, ‘ಬಿಡು’ ಅಥವಾ ‘ಬೇಡ’ ಎಂದು ಹೇಳುವ ರೇಡಿಯಸ್ ಸರ್ವರ್. ಬಾಗಿಲು ಕಾಯುವವನಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಾಗುವುದೇ ಇಲ್ಲ. ಅವನು ಫೋನ್ ಮತ್ತು ಸರ್ವರ್ ನಡುವೆ ಸಂದೇಶ ದಾಟಿಸುತ್ತಾನೆ, ಅಷ್ಟೇ.

ಇದರೊಳಗೇ ಮತ್ತೆ ಮೂರು ದಾರಿ ಇವೆ, ಮೂರೂ ಇಎಪಿ ಎಂಬ ಲಾಗಿನ್ ಮಾತುಕತೆಯ ಬಗೆಗಳು. ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಪೀಪ್ ಮತ್ತು ಎಂಎಸ್‌ಚಾಪ್-ವಿ2 ಜೋಡಿ ಎಲ್ಲ ಫೋನ್, ಲ್ಯಾಪ್‌ಟಾಪ್‌ಗಳಲ್ಲೂ ನಡೆಯುತ್ತದೆ. ಸರ್ವರ್‌ನ ಸರ್ಟಿಫಿಕೇಟ್‌ನಿಂದ ಮೊದಲು ಒಂದು ಸುರಂಗ (ಹೊರಗಿನವರು ಓದಲಾಗದ ಗೂಢಲಿಪಿಯ ದಾರಿ) ಕಟ್ಟಿ, ಅದರೊಳಗೆ ಪಾಸ್‌ವರ್ಡ್ ಪರೀಕ್ಷೆ ನಡೆಸುತ್ತದೆ. ಒಳಗಿನ ಎಂಎಸ್‌ಚಾಪ್-ವಿ2 ಮಾತ್ರ ಬಲಹೀನ. ಅದನ್ನು ಹಿಡಿದವರು ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಒಂದೇ ಒಂದು ಕೀಲಿ ಒಡೆದರೆ ಸಾಕು ಎಂಬುದು 2012ರಲ್ಲೇ ಎಲ್ಲರೆದುರು ಸಾಬೀತಾಯಿತು. ಇನ್ನೊಂದು ತೊಡಕು: ಇದಕ್ಕೆ ಸರ್ವರ್‌ನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ರೂಪದಲ್ಲಿ ಇರಬೇಕು, ಇಲ್ಲವೇ ವಿಂಡೋಸ್‌ನ ಎನ್‌ಟಿ ಹ್ಯಾಶ್ ಆಗಿ ಇರಬೇಕು (ಹ್ಯಾಶ್ ಎಂದರೆ ಪಾಸ್‌ವರ್ಡನ್ನು ವಾಪಸ್ ಬಿಡಿಸಲಾಗದಂತೆ ಕಲಸಿಟ್ಟ ರೂಪ). ನಿಮ್ಮ ಡೇಟಾಬೇಸ್‌ನಲ್ಲಿ ಬೇರೆ ಹ್ಯಾಶ್ ಇದ್ದರೆ ಎಷ್ಟು ತಿಣುಕಿದರೂ ಇದು ಆಗುವುದಿಲ್ಲ.

ಟಿಟಿಎಲ್‌ಎಸ್ ಮತ್ತು ಪ್ಯಾಪ್ ಜೋಡಿಯಲ್ಲಿ ಸುರಂಗದೊಳಗೆ ಪಾಸ್‌ವರ್ಡೇ ನೇರವಾಗಿ ಸರ್ವರ್‌ಗೆ ಹೋಗುತ್ತದೆ. ಹಾಗಾಗಿ ಸರ್ವರ್‌ನಲ್ಲಿ ಯಾವ ಹ್ಯಾಶ್ ಇದ್ದರೂ ನಡೆಯುತ್ತದೆ. ಕಾಲೇಜಿನ ಖಾತೆಗಳು ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದ್ದು, ಅದರ ಸೆಕ್ಯೂರ್ ಎಲ್‌ಡ್ಯಾಪ್ (ಖಾತೆಗಳ ಪಟ್ಟಿಯಲ್ಲಿ ವಿಚಾರಿಸುವ ಸೇವೆ) ಮೂಲಕ ಪರೀಕ್ಷಿಸುವುದಾದರೆ ಈ ದಾರಿಯೇ ಬೇಕು. ಆದರೆ ಫೋನ್ ತಪ್ಪು ಸರ್ವರನ್ನು ನಂಬಿದರೆ ಪಾಸ್‌ವರ್ಡ್ ಇಡಿಯಾಗಿ ಕಳ್ಳನ ಕೈಗೆ ಹೋಗುತ್ತದೆ.

ಇಎಪಿ-ಟಿಎಲ್‌ಎಸ್‌ನಲ್ಲಿ ಪಾಸ್‌ವರ್ಡೇ ಇಲ್ಲ. ಪ್ರತಿ ಸಾಧನಕ್ಕೂ ಅದರದೇ ಸರ್ಟಿಫಿಕೇಟ್. ಕದಿಯಲು, ಊಹಿಸಲು, ಗೆಳೆಯನಿಗೆ ವಾಟ್ಸಾಪ್ ಮಾಡಲು ಪಾಸ್‌ವರ್ಡ್ ಇರುವುದಿಲ್ಲ. ಎಲ್ಲಕ್ಕಿಂತ ಗಟ್ಟಿ ಇದು. ಕಷ್ಟವಿರುವುದು ಹಂಚುವುದರಲ್ಲಿ: ನೂರಾರು ಜನರ ಸ್ವಂತ ಫೋನ್‌ಗಳಿಗೆ ಸರ್ಟಿಫಿಕೇಟ್ ಹಾಕಿಕೊಡಬೇಕು.

ನನ್ನ ಸಲಹೆ ಹೀಗೆ. ಕಚೇರಿಯವರೇ ಕೊಟ್ಟ ಲ್ಯಾಪ್‌ಟಾಪ್‌ಗಳಿಗೆ ಇಎಪಿ-ಟಿಎಲ್‌ಎಸ್. ವಿದ್ಯಾರ್ಥಿಗಳ, ಸಿಬ್ಬಂದಿಯ ಸ್ವಂತ ಫೋನ್‌ಗೆ ಟಿಟಿಎಲ್‌ಎಸ್ ಅಥವಾ ಪೀಪ್, ಅದೂ ಸರ್ಟಿಫಿಕೇಟ್ ಪರೀಕ್ಷೆ ಕಡ್ಡಾಯ ಮಾಡಿ. ಹಾಜರಿ ಯಂತ್ರ, ಕ್ಯಾಮೆರಾಗಳಿಗೆ ಉದ್ದನೆಯ ಪಾಸ್‌ವರ್ಡ್ ಇರುವ ಬೇರೆಯೇ ವೈಫೈ. ಅತಿಥಿಗಳಿಗೆ ಲಾಗಿನ್ ಪುಟ. ಒಂದೇ ವಿಧಾನ ಎಲ್ಲರಿಗೂ ಹೊಂದುತ್ತದೆ ಎಂದು ಹಟ ಹಿಡಿದ ಕಡೆಯೇ ಕೆಲಸ ಕೆಟ್ಟಿದ್ದನ್ನು ನಾನು ಜಾಸ್ತಿ ನೋಡಿದ್ದೇನೆ.

ಹಂತ 3: ಸಾಮಾನು ಹೊಂದಿಸಿಕೊಳ್ಳಿ

ರೇಡಿಯಸ್ ಸರ್ವರ್‌ಗೆ ದೊಡ್ಡ ಯಂತ್ರ ಬೇಡ. ಲಿನಕ್ಸ್ ಹಾಕಿದ ಸಾಧಾರಣ ಡೆಸ್ಕ್‌ಟಾಪ್ ಸಾಕು. ಅದರ ಮೇಲೆ ಫ್ರೀರೇಡಿಯಸ್, ಇದು ಉಚಿತ. ಆಕ್ಸೆಸ್ ಪಾಯಿಂಟ್‌ಗಳಲ್ಲಿ ಎಂಟರ್‌ಪ್ರೈಸ್ ಆಯ್ಕೆ ಇರಬೇಕು, ಸ್ವಿಚ್ (ಕೇಬಲ್‌ಗಳು ಸೇರುವ ಪೆಟ್ಟಿಗೆ) ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಭಾಗ ಮಾಡುವುದು) ಒಪ್ಪುವಂತಿರಬೇಕು. ಪರೀಕ್ಷೆಗೆ ಒಂದು ಆಂಡ್ರಾಯ್ಡ್ ಫೋನ್, ಒಂದು ಐಫೋನ್, ಒಂದು ವಿಂಡೋಸ್ ಲ್ಯಾಪ್‌ಟಾಪ್ ಎರವಲು ತನ್ನಿ. ಮೂರೂ ಬೇಕೇ ಬೇಕು, ಮೂರೂ ಬೇರೆ ಬೇರೆ ರೀತಿ ತಕರಾರು ತೆಗೆಯುತ್ತವೆ.

ಸರ್ವರ್‌ಗೂ ಮುಖ್ಯ ಸ್ವಿಚ್‌ಗೂ ಯುಪಿಎಸ್ ಇರಲಿ. ಕರೆಂಟ್ ಹೋಗಿ ರೇಡಿಯಸ್ ನಿಂತರೆ ಯಾರೂ ಹೊಸದಾಗಿ ಒಳಬರಲಾರರು. ಬಜೆಟ್ ಇದ್ದರೆ ಎರಡು ಸರ್ವರ್ ಇಡಿ.

ಗಡಿಯಾರ ನೋಡಿಕೊಳ್ಳಿ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಆಗ ಇಎಪಿ-ಟಿಎಲ್‌ಎಸ್ ಬಳಸುವ ಎಲ್ಲರ ಸರ್ಟಿಫಿಕೇಟೂ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ತಿರಸ್ಕಾರವಾಗುತ್ತದೆ. ಜಾಲದ ಮೂಲಕ ಗಡಿಯಾರ ಸರಿ ಇಡುವ ಎನ್‌ಟಿಪಿ ಹಾಕಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಲು, ಲಾಗ್‌ಗಳನ್ನು (ಯಂತ್ರ ಬರೆದಿಡುವ ದಾಖಲೆ) 180 ದಿನ ಇಡಲು ಹೇಳುತ್ತದೆ. ಡಿಸ್ಕ್‌ನಲ್ಲಿ ಅಷ್ಟು ಜಾಗ ಇದೆಯೇ ಎಂದೂ ಈಗಲೇ ನೋಡಿ.

ಹಂತ 4: ಸರ್ಟಿಫಿಕೇಟ್ ಮಾಡಿಕೊಳ್ಳಿ

ಎಲ್ಲ ನಿಂತಿರುವುದು ಇದರ ಮೇಲೆ. ‘ನಾನು ನಿಮ್ಮ ಕಾಲೇಜಿನ ಸರ್ವರ್’ ಎಂದು ಫೋನ್‌ಗೆ ಸಾಬೀತು ಮಾಡುವುದು ಸರ್ಟಿಫಿಕೇಟ್ ಒಂದೇ. ವೈಫೈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಅಲ್ವಾ? ಕಳ್ಳ ಕ್ಯಾಂಟೀನ್‌ನಲ್ಲಿ ಕೂತು ಅದೇ ಹೆಸರಿನ ವೈಫೈ ಹಚ್ಚಿದರೆ ಫೋನ್ ಮೋಸ ಹೋಗದಂತೆ ತಡೆಯುವುದು ಇದೇ.

ವೈಫೈಗೆಂದೇ ನಿಮ್ಮದೇ ಆದ ಒಂದು ಮೂಲ ಸರ್ಟಿಫಿಕೇಟ್ (ಉಳಿದವಕ್ಕೆ ಸಹಿ ಹಾಕುವ, ಸಿಎ ಎಂದೂ ಕರೆಯುವ ಸರ್ಟಿಫಿಕೇಟ್) ಮಾಡಿ, ಹತ್ತು ವರ್ಷದ ಅವಧಿ ಕೊಡಿ. ಅದರ ಕೀಲಿಯನ್ನು ಸರ್ವರ್‌ನಲ್ಲಿ ಬಿಡಬೇಡಿ. ಎರಡು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ. ಅದರಿಂದ ಸರ್ವರ್ ಸರ್ಟಿಫಿಕೇಟ್ ಮಾಡಿ. ಇದರ ಅವಧಿ 825 ದಿನ ಮೀರಬಾರದು, ಮೀರಿದರೆ ಐಒಎಸ್ 13 ಮತ್ತು ಮುಂದಿನವು ನಂಬುವುದಿಲ್ಲ. ‘ಸರ್ವರ್ ಅಥೆಂಟಿಕೇಶನ್’ ಎಂಬ ಬಳಕೆಯ ಗುರುತು ಇರಲೇಬೇಕು, ಇಲ್ಲದಿದ್ದರೆ ವಿಂಡೋಸ್ ಒಪ್ಪುವುದಿಲ್ಲ. ಸರ್ವರ್‌ನ ಡೊಮೇನ್ ಹೆಸರನ್ನು ಪರ್ಯಾಯ ಹೆಸರಿನ ಜಾಗದಲ್ಲೂ (ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್) ಹಾಕಿ.

ಉಚಿತವಾಗಿ ಸಿಗುವ ಸಾರ್ವಜನಿಕ ಸರ್ಟಿಫಿಕೇಟ್ ಬಳಸಬಹುದಲ್ಲ ಎಂದು ಕೇಳುತ್ತಾರೆ. ಬಳಸಬಹುದು, ಆದರೆ ಆಗ ಫೋನ್‌ನಲ್ಲಿ ಡೊಮೇನ್ ಹೆಸರು ತುಂಬಿಸುವುದು ಕಡ್ಡಾಯ. ತುಂಬದಿದ್ದರೆ ಅದೇ ಸಂಸ್ಥೆಯಿಂದ ತನ್ನ ಡೊಮೇನ್‌ಗೆ ಸರ್ಟಿಫಿಕೇಟ್ ಪಡೆದ ಯಾರನ್ನಾದರೂ ಫೋನ್ ನಂಬಿಬಿಡುತ್ತದೆ. ಪ್ರೊಫೈಲ್ (ಮೊದಲೇ ಹೊಂದಿಸಿಟ್ಟ ವೈಫೈ ಸೆಟ್ಟಿಂಗ್‌ಗಳ ಕಡತ) ಇಲ್ಲದ ಐಫೋನ್‌ಗಳಲ್ಲಿ ಸರ್ಟಿಫಿಕೇಟ್ ಬದಲಾದಾಗಲೆಲ್ಲ ‘ನಂಬಲೇ?’ ಎಂಬ ಪ್ರಶ್ನೆಯೂ ಬರುತ್ತದೆ. ಜನ ಅದನ್ನು ಓದದೆ ಒತ್ತುವುದನ್ನು ಕಲಿಯುತ್ತಾರೆ. ಆ ಅಭ್ಯಾಸವೇ ಕಳ್ಳನಿಗೆ ಬೇಕಾಗಿರುವುದು.

ನನ್ನಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಒಂದು ಪದವಿ ಕಾಲೇಜಿಗೆ ಹಾಕಿಕೊಟ್ಟ ಸರ್ವರ್ ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಂತರಿಕ ಅಂಕ ತುಂಬುವ ವಾರ, ಒಂದು ಬೆಳಗ್ಗೆ ಒಬ್ಬರಿಗೂ ವೈಫೈ ಸಿಗಲಿಲ್ಲ. ಫ್ರೀರೇಡಿಯಸ್ ಜೊತೆ ಬರುವ ಮಾದರಿ ಕಡತದಲ್ಲಿ ಸರ್ಟಿಫಿಕೇಟ್ ಅವಧಿ 60 ದಿನ ಎಂದಿರುತ್ತದೆ. ನಾನು ಅದನ್ನು ಬದಲಾಯಿಸಿರಲಿಲ್ಲ. ಮೂಲ ಸರ್ಟಿಫಿಕೇಟೂ ಅದೇ ದಿನ ಮುಗಿದಿದ್ದರಿಂದ ಪ್ರತಿ ಫೋನನ್ನೂ ಮತ್ತೆ ಮುಟ್ಟಬೇಕಾಯಿತು. ಅಧ್ಯಾಪಕರು ಮೊಬೈಲ್ ಡೇಟಾದಲ್ಲಿ ಅಂಕ ತುಂಬಿದರು. ಅವತ್ತಿನಿಂದ ಅವಧಿ ಮುಗಿಯುವ ದಿನವನ್ನು ಮೂರು ಜನರ ಕ್ಯಾಲೆಂಡರ್‌ನಲ್ಲಿ, ಒಂದು ತಿಂಗಳು ಮುಂಚೆಯೇ ಗುರುತು ಹಾಕಿಸುತ್ತೇನೆ. ನೀವೂ ಹಾಕಿ.

ಹಂತ 5: ರೇಡಿಯಸ್ ಸರ್ವರ್ ಎಬ್ಬಿಸಿ

ಫ್ರೀರೇಡಿಯಸ್ ಹಾಕಿದ ತಕ್ಷಣ ಎಲ್ಲ ಕಡತ ತಿದ್ದಲು ಹೋಗಬೇಡಿ. ಒಂದು ಬದಲಾವಣೆ, ಒಂದು ಪರೀಕ್ಷೆ. ಮುಟ್ಟಬೇಕಾದ ಜಾಗ ಮೂರೇ.

ಒಂದು, ಕ್ಲೈಂಟ್‌ಗಳ ಕಡತ. ಇಲ್ಲಿ ಕ್ಲೈಂಟ್ ಎಂದರೆ ಫೋನ್ ಅಲ್ಲ, ಆಕ್ಸೆಸ್ ಪಾಯಿಂಟ್. ಪ್ರತಿಯೊಂದರ ಐಪಿ ವಿಳಾಸ ಮತ್ತು ಒಂದು ಗುಟ್ಟು ಪದ ಬರೆಯಿರಿ. ಪುಸ್ತಕದಲ್ಲಿ ಬರುವ ಮಾದರಿ ಪದ ಬೇಡ, ಮೂವತ್ತು ಅಕ್ಷರಗಳಷ್ಟಾದರೂ ಯಂತ್ರವೇ ಹುಟ್ಟಿಸಿದ ಪದ ಇರಲಿ. ಆಕ್ಸೆಸ್ ಪಾಯಿಂಟ್‌ಗಳಿಗೆ ಐಪಿ ಸ್ಥಿರವಾಗಿರಬೇಕು.

ಎರಡು, ಇಎಪಿ ಕಡತ. ಸರ್ಟಿಫಿಕೇಟ್‌ಗಳ ದಾರಿ ಕೊಡಿ. ಮೊದಲ ಆಯ್ಕೆ ಎಂಡಿ5 (ಹಳೆಯ, ಬಲಹೀನ ಹ್ಯಾಶ್) ಎಂದು ಇರುತ್ತದೆ. ವೈಫೈನಲ್ಲಿ ಅದು ನಡೆಯದು. ನೀವು ಆರಿಸಿದ ವಿಧಾನಕ್ಕೆ ಬದಲಾಯಿಸಿ, ಬೇಡದ ವಿಧಾನಗಳನ್ನು ತೆಗೆದುಹಾಕಿ.

ಮೂರು, ಬಳಕೆದಾರರು. ಮೊದಲಿಗೆ ಒಬ್ಬ ಪರೀಕ್ಷಾ ಬಳಕೆದಾರನನ್ನು ಮಾತ್ರ ಬರೆಯಿರಿ. ಎಲ್‌ಡ್ಯಾಪ್, ಡೇಟಾಬೇಸ್ ಎಲ್ಲ ಆಮೇಲೆ ಜೋಡಿಸಿ.

ಫೈರ್‌ವಾಲ್‌ನಲ್ಲಿ ಯುಡಿಪಿ 1812 ಮತ್ತು 1813 ತೆರೆಯಿರಿ, ಅದೂ ಆಕ್ಸೆಸ್ ಪಾಯಿಂಟ್‌ಗಳ ವಿಳಾಸಕ್ಕೆ ಮಾತ್ರ. ರೇಡಿಯಸ್ ಸಂಚಾರ ಇಂಟರ್ನೆಟ್ ಮೂಲಕ ಹಾಯಬಾರದು. ಈ ಪ್ರೋಟೋಕಾಲ್ ಎಂಡಿ5 ಕಾಲದ್ದು. 2024ರ ಜುಲೈನಲ್ಲಿ ಹೊರಬಿದ್ದ ಬ್ಲಾಸ್ಟ್‌ರೇಡಿಯಸ್ ದೋಷ ಅದನ್ನೇ ಬಳಸಿಕೊಂಡಿತು. ಇಎಪಿಯಲ್ಲಿ ಮೆಸೇಜ್-ಅಥೆಂಟಿಕೇಟರ್ (ಸಂದೇಶವನ್ನು ಯಾರೂ ತಿದ್ದಿಲ್ಲ ಎಂಬ ಮುದ್ರೆ) ಕಡ್ಡಾಯವಿರುವುದರಿಂದ ವೈಫೈ ಲಾಗಿನ್‌ಗೆ ಅದು ತಟ್ಟುವುದಿಲ್ಲ. ಆದರೆ ಅದೇ ಸರ್ವರನ್ನು ಸ್ವಿಚ್ ಲಾಗಿನ್‌ಗೂ ಬಳಸುತ್ತಿದ್ದರೆ ಆವೃತ್ತಿ ಹೊಸದಾಗಿರಲಿ.

ಹಂತ 6: ಆಕ್ಸೆಸ್ ಪಾಯಿಂಟ್ ಇಲ್ಲದೆಯೇ ಪರೀಕ್ಷಿಸಿ

ಬಹಳ ಜನ ಬಿಡುವ ಹಂತ ಇದು. ಫ್ರೀರೇಡಿಯಸನ್ನು ಡೀಬಗ್ ಮೋಡ್‌ನಲ್ಲಿ ಓಡಿಸಿ, ಪರದೆಯ ಮೇಲೆ ಎಲ್ಲವೂ ಕಾಣುತ್ತದೆ. ಇನ್ನೊಂದು ಕಿಟಕಿಯಲ್ಲಿ ಮೊದಲು ಅದರ ಪರೀಕ್ಷಾ ಸಾಧನ ರ‍್ಯಾಡ್‌ಟೆಸ್ಟ್ ಓಡಿಸಿ.

ರ‍್ಯಾಡ್‌ಟೆಸ್ಟ್ ಗೆದ್ದಿತು ಎಂದು ಸಂಭ್ರಮಿಸಿ ಮುಂದೆ ಹೋಗಬೇಡಿ. ಅದು ಪಾಸ್‌ವರ್ಡ್ ಸರಿ ಇದೆಯೇ ಎಂದಷ್ಟೇ ನೋಡುತ್ತದೆ, ಸುರಂಗವನ್ನು ಮುಟ್ಟುವುದೇ ಇಲ್ಲ. ‘ರ‍್ಯಾಡ್‌ಟೆಸ್ಟ್ ಆಗುತ್ತೆ, ಫೋನ್ ಆಗಲ್ಲ’ ಎಂಬ ದೂರು ಬರುವುದು ಇದರಿಂದಲೇ. ನಂತರ ಇಎಪಿಒಎಲ್-ಟೆಸ್ಟ್ ಓಡಿಸಿ, ಇದು ಲಿನಕ್ಸ್‌ನಲ್ಲಿ ವೈಫೈ ಜೋಡಿಸುವ ಡಬ್ಲ್ಯೂಪಿಎ ಸಪ್ಲಿಕೆಂಟ್ ತಂತ್ರಾಂಶದ ಜೊತೆ ಬರುವ ಸಾಧನ. ಇದು ಫೋನ್ ಹಾಗೆಯೇ ಸುರಂಗ ಕಟ್ಟಿ ಒಳಬರುತ್ತದೆ. ಕೊನೆಯ ಸಾಲು ‘ಸಕ್ಸೆಸ್’ ಎನ್ನಬೇಕು. ಬೇಕೆಂದೇ ತಪ್ಪು ಮೂಲ ಸರ್ಟಿಫಿಕೇಟ್ ಕೊಟ್ಟೂ ಓಡಿಸಿ. ಆಗ ಸೋಲಬೇಕು. ಗೆದ್ದರೆ ಪರೀಕ್ಷೆಯೇ ಸರಿ ಇಲ್ಲ.

ಹಂತ 7: ಒಂದೇ ಒಂದು ಆಕ್ಸೆಸ್ ಪಾಯಿಂಟ್ ಜೋಡಿಸಿ

ಹಳೆಯ ವೈಫೈ ಹಾಗೇ ಇರಲಿ. ನಿಮ್ಮ ಕೋಣೆಯ ಆಕ್ಸೆಸ್ ಪಾಯಿಂಟ್‌ನಲ್ಲಿ ಹೊಸ ಹೆಸರಿನ ವೈಫೈ ಮಾಡಿ, ಎಂಟರ್‌ಪ್ರೈಸ್ ಆರಿಸಿ, ಸರ್ವರ್ ಐಪಿ, ಪೋರ್ಟ್, ಗುಟ್ಟು ಪದ ಹಾಕಿ. ಹಳೆಯ ಹೆಸರನ್ನೇ ಮತ್ತೆ ಇಟ್ಟರೆ ಫೋನ್‌ಗಳು ಹಳೆಯ ನೆನಪಿನಲ್ಲಿ ಗೊಂದಲ ಮಾಡುತ್ತವೆ.

ಡೀಬಗ್ ಪರದೆಯಲ್ಲಿ ಏನು ಕಾಣುತ್ತದೆ ಎಂಬುದೇ ನಿಮಗೆ ದಾರಿ ತೋರಿಸುತ್ತದೆ:

ಏನೂ ಕಾಣದಿದ್ದರೆ ಸಂದೇಶ ಸರ್ವರ್‌ಗೆ ಬರುತ್ತಲೇ ಇಲ್ಲ. ಫೈರ್‌ವಾಲ್, ಐಪಿ, ಪೋರ್ಟ್ ನೋಡಿ. ಕೆಲವು ಹಳೆಯ ಸಾಧನಗಳು 1645ಕ್ಕೆ ಕಳಿಸುತ್ತವೆ.

‘ಅನ್‌ನೋನ್ ಕ್ಲೈಂಟ್’ ಎಂದರೆ ಆಕ್ಸೆಸ್ ಪಾಯಿಂಟ್‌ನ ಐಪಿ ನಿಮ್ಮ ಕಡತದಲ್ಲಿ ಇಲ್ಲ.

‘ಇನ್‌ವ್ಯಾಲಿಡ್ ಮೆಸೇಜ್-ಅಥೆಂಟಿಕೇಟರ್’ ಎಂದರೆ ಗುಟ್ಟು ಪದ ಎರಡು ಕಡೆ ಒಂದೇ ಆಗಿಲ್ಲ. ಕಾಪಿ ಮಾಡುವಾಗ ಕೊನೆಯಲ್ಲಿ ಸೇರಿದ ಖಾಲಿ ಜಾಗವನ್ನೂ ನೋಡಿ.

‘ಅನ್‌ನೋನ್ ಸಿಎ’ ಎಂದರೆ ಫೋನ್ ನಿಮ್ಮ ಸರ್ಟಿಫಿಕೇಟನ್ನು ನಂಬುತ್ತಿಲ್ಲ. ತಪ್ಪು ಫೋನ್ ಕಡೆ ಇದೆ, ಸರ್ವರ್ ತಿದ್ದಬೇಡಿ.

ಮಾತುಕತೆ ಅರ್ಧಕ್ಕೆ ನಿಂತು ಸದ್ದೇ ಇಲ್ಲದಾದರೆ, ಅದರಲ್ಲೂ ಇಎಪಿ-ಟಿಎಲ್‌ಎಸ್‌ನಲ್ಲಿ, ದೊಡ್ಡ ಸರ್ಟಿಫಿಕೇಟ್‌ನ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗುತ್ತಿರಬಹುದು. ಇಎಪಿ ಕಡತದಲ್ಲಿ ತುಂಡಿನ ಅಳತೆ ಕಡಿಮೆ ಮಾಡಿ ನೋಡಿ.

ಹಂತ 8: ಯಾರಿಗೆ ಎಲ್ಲಿಯವರೆಗೆ ಬಿಡಬೇಕು

ಒಳಬಿಡುವುದು ಅರ್ಧ ಕೆಲಸ. ಒಳಬಂದವರು ಎಲ್ಲಿಗೆ ಹೋಗಬಹುದು ಎಂಬುದು ಉಳಿದರ್ಧ. ಒಂದೇ ವೈಫೈ ಹೆಸರಿನಲ್ಲೇ ಸಿಬ್ಬಂದಿಯನ್ನು ವಿಲ್ಯಾನ್ 20ಕ್ಕೆ, ವಿದ್ಯಾರ್ಥಿಗಳನ್ನು 30ಕ್ಕೆ ಕಳಿಸಬಹುದು. ಅದಕ್ಕೆ ಸರ್ವರ್ ತನ್ನ ಒಪ್ಪಿಗೆಯ ಜೊತೆ ಮೂರು ಮಾತು ಹೇಳಬೇಕು: ಟನಲ್-ಟೈಪ್ ವಿಲ್ಯಾನ್, ಟನಲ್-ಮೀಡಿಯಂ-ಟೈಪ್ ಐಇಇಇ-802, ಟನಲ್-ಪ್ರೈವೇಟ್-ಗ್ರೂಪ್-ಐಡಿ 20. ಮೂರರಲ್ಲಿ ಒಂದು ಬಿಟ್ಟರೂ ವಿಲ್ಯಾನ್ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಪೀಪ್, ಟಿಟಿಎಲ್‌ಎಸ್‌ನಲ್ಲಿ ಒಂದು ತೊಡಕಿದೆ. ಬಳಕೆದಾರ ಯಾರೆಂದು ತಿಳಿಯುವುದು ಸುರಂಗದ ಒಳಗೆ, ಆಕ್ಸೆಸ್ ಪಾಯಿಂಟ್‌ಗೆ ಉತ್ತರ ಹೋಗುವುದು ಸುರಂಗದ ಹೊರಗೆ. ಒಳಗಿನ ಉತ್ತರವನ್ನು ಹೊರಗೆ ದಾಟಿಸಬೇಕು. ಫ್ರೀರೇಡಿಯಸ್ 3ರ ಇನ್ನರ್-ಟನಲ್ ಕಡತದ ಪೋಸ್ಟ್-ಆಥ್ ಭಾಗದಲ್ಲಿ ಇದಕ್ಕೆಂದೇ ಸಾಲುಗಳಿವೆ, ಮೇಲಿನ ಷರತ್ತಿನಲ್ಲಿ 0 ಎಂದು ಇರುತ್ತದೆ. ಅದನ್ನು 1 ಮಾಡಿ. ‘ಲಾಗಿನ್ ಆಗುತ್ತೆ, ಆದರೆ ಎಲ್ಲರೂ ಒಂದೇ ವಿಲ್ಯಾನ್‌ಗೆ ಬೀಳುತ್ತಾರೆ’ ಎನ್ನುವವರು ಮೊದಲು ನೋಡಬೇಕಾದ ಜಾಗ ಇದು.

ಲಾಗಿನ್ ಆಗಿ ಐಪಿ ಸಿಗದಿದ್ದರೆ ರೇಡಿಯಸನ್ನು ದೂರಬೇಡಿ. ಸ್ವಿಚ್‌ನ ಆ ಪೋರ್ಟ್‌ನಲ್ಲಿ ವಿಲ್ಯಾನ್ 20 ಬಿಟ್ಟಿಲ್ಲ, ಅಥವಾ ಆ ವಿಲ್ಯಾನ್‌ಗೆ ಐಪಿ ಹಂಚುವ ಡಿಎಚ್‌ಸಿಪಿ ಇಲ್ಲ. ವಿಲ್ಯಾನ್‌ಗಳ ನಡುವೆ ಫೈರ್‌ವಾಲ್ ನಿಯಮ ಬರೆಯುವುದನ್ನೂ ಮರೆಯಬೇಡಿ. ವಿದ್ಯಾರ್ಥಿಯ ಫೋನ್‌ನಿಂದ ಲೆಕ್ಕಪತ್ರದ ಸರ್ವರ್ ತೆರೆಯಲು ನೀವೇ ಪ್ರಯತ್ನಿಸಿ. ತೆರೆದರೆ ಕೆಲಸ ಇನ್ನೂ ಇದೆ.

ಹಂತ 9: ಫೋನ್, ಲ್ಯಾಪ್‌ಟಾಪ್ ಸಿದ್ಧಪಡಿಸಿ

ಆಂಡ್ರಾಯ್ಡ್ 11ರ ನಂತರದ ಫೋನ್‌ಗಳಲ್ಲಿ ‘ಸರ್ಟಿಫಿಕೇಟ್ ಪರೀಕ್ಷಿಸಬೇಡ’ ಎಂಬ ಆಯ್ಕೆ ತೆಗೆಯುತ್ತಾ ಬಂದರು. ಜನ ಬೈದುಕೊಂಡರು, ಆದರೆ ಒಳ್ಳೆಯದೇ ಆಯಿತು. ಈಗ ಮೂಲ ಸರ್ಟಿಫಿಕೇಟ್ ಹಾಕಬೇಕು, ಡೊಮೇನ್ ಹೆಸರು ತುಂಬಬೇಕು. ಹಾಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ‘ಸಿಎ ಸರ್ಟಿಫಿಕೇಟ್’ ಎಂಬಲ್ಲಿ ಹಾಕುತ್ತಾರೆ. ಹಾಕಬೇಕಾದದ್ದು ‘ವೈಫೈ ಸರ್ಟಿಫಿಕೇಟ್’ ಎಂಬಲ್ಲಿ. ಅಲ್ಲಿ ಹಾಕದಿದ್ದರೆ ವೈಫೈ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ.

ಐಫೋನ್‌ಗೆ ಆಪಲ್ ಕಾನ್ಫಿಗರೇಟರ್‌ನಲ್ಲಿ ಪ್ರೊಫೈಲ್ ಮಾಡಿ ಕಳಿಸಿ. ವಿಂಡೋಸ್‌ಗೆ ಒಂದು ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಹೊಂದಿಸಿ, ಆ ಪ್ರೊಫೈಲನ್ನೇ ರಫ್ತು ಮಾಡಿ ಉಳಿದವಕ್ಕೆ ಹಾಕಿ. ವಿಂಡೋಸ್ 11ರ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ 22ಎಚ್2ರಿಂದ ಈಚೆಗೆ ಪಾಸ್‌ವರ್ಡ್ ಗುಟ್ಟುಗಳನ್ನು ಕಾಯುವ ಕ್ರೆಡೆನ್ಶಿಯಲ್ ಗಾರ್ಡ್ ತಾನಾಗಿಯೇ ಚಾಲೂ ಇರುತ್ತದೆ. ಅಲ್ಲಿ ಕಂಪ್ಯೂಟರ್ ಲಾಗಿನ್ನಿಂದಲೇ ಪೀಪ್ ವೈಫೈಗೆ ಹೋಗುವುದು ನಿಲ್ಲುತ್ತದೆ, ಪ್ರತಿ ಸಲ ಪಾಸ್‌ವರ್ಡ್ ಕೇಳುತ್ತದೆ. ಕಚೇರಿ ಲ್ಯಾಪ್‌ಟಾಪ್‌ಗೆ ಇಎಪಿ-ಟಿಎಲ್‌ಎಸ್ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಚಿತ್ರಗಳಿರುವ ಒಂದು ಪುಟದ ಸೂಚನೆ ಕನ್ನಡದಲ್ಲೇ ಬರೆದು ಅಂಟಿಸಿ. ‘ಎಚ್ಚರಿಕೆ ಬಂದರೆ ಒಪ್ಪಬೇಡಿ, ನಮಗೆ ಹೇಳಿ’ ಎಂಬ ಸಾಲು ದೊಡ್ಡಕ್ಷರದಲ್ಲಿರಲಿ.

ಹಂತ 10: ಹೊರಗಿಡುವುದನ್ನು ಪರೀಕ್ಷಿಸಿ, ಆಮೇಲೆ ಹಳೆಯದನ್ನು ಮುಚ್ಚಿ

ಪರೀಕ್ಷಾ ಬಳಕೆದಾರನ ಖಾತೆ ನಿಲ್ಲಿಸಿ. ಫೋನ್ ಆಗಲೇ ಒಳಗಿದ್ದರೆ ಅದು ಒಳಗೇ ಉಳಿಯುತ್ತದೆ, ಮುಂದಿನ ಸಲ ಪರೀಕ್ಷೆಗೆ ನಿಂತಾಗ ಮಾತ್ರ ಬೀಳುತ್ತದೆ. ಸೆಶನ್-ಟೈಮೌಟ್ (ಎಷ್ಟು ಹೊತ್ತಿಗೊಮ್ಮೆ ಮತ್ತೆ ಪರೀಕ್ಷೆ ಎಂಬ ಮಿತಿ) ಕೊಟ್ಟು ಇದನ್ನು ಕೆಲವು ಗಂಟೆಗೆ ಇಳಿಸಿ. ಇಎಪಿ-ಟಿಎಲ್‌ಎಸ್ ಆದರೆ ಸರ್ಟಿಫಿಕೇಟ್ ರದ್ದು ಪಟ್ಟಿಯ ಪರೀಕ್ಷೆ ಚಾಲೂ ಮಾಡಬೇಕು. ಪಟ್ಟಿ ಬದಲಾದಾಗ ಸರ್ವರನ್ನು ಮತ್ತೆ ಓಡಿಸಬೇಕು. ಆ ಪಟ್ಟಿಗೂ ಒಂದು ಅವಧಿ ಇರುತ್ತದೆ, ಅದು ಮುಗಿದರೆ ರದ್ದಾಗದವರೂ ಹೊರಗೆ ಬೀಳುತ್ತಾರೆ. ಕ್ಯಾಲೆಂಡರ್‌ನಲ್ಲಿ ಇದಕ್ಕೂ ಒಂದು ಗುರುತು ಹಾಕಿ.

ನಂತರ ಒಂದೊಂದೇ ವಿಭಾಗವನ್ನು ಹೊಸ ವೈಫೈಗೆ ತನ್ನಿ. ಮೊದಲು ಕಚೇರಿ ಸಿಬ್ಬಂದಿ, ಆಮೇಲೆ ಅಧ್ಯಾಪಕರು, ಕೊನೆಗೆ ವಿದ್ಯಾರ್ಥಿಗಳು. ಪರೀಕ್ಷೆ, ಪ್ರವೇಶದ ವಾರಗಳಲ್ಲಿ ಕೈಹಾಕಬೇಡಿ. ಎರಡು ವಾರ ಎರಡೂ ವೈಫೈ ಜೊತೆಗೆ ನಡೆಯಲಿ. ಹಳೆಯದರಲ್ಲಿ ಇನ್ನೂ ಯಾರ್‍ಯಾರು ಇದ್ದಾರೆ ಎಂದು ಪ್ರತಿದಿನ ನೋಡಿ, ಹೋಗಿ ಮಾತಾಡಿಸಿ. ಹೀಗೆ ನೋಡುವಾಗಲೇ ಹಂತ 1ರಲ್ಲಿ ಮರೆತ ಪ್ರಿಂಟರ್ ಒಂದೆರಡು ಸಿಗುತ್ತವೆ. ಪಟ್ಟಿ ಖಾಲಿಯಾದ ಮರುದಿನ, ಶನಿವಾರ ಮಧ್ಯಾಹ್ನದ ಹೊತ್ತು ನೋಡಿ, ಹಳೆಯ ವೈಫೈ ಬಂದ್ ಮಾಡಿ. ಸೋಮವಾರ ಬೆಳಗ್ಗೆ ಮಾತ್ರ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ಡೀಬಗ್ ಪರದೆಯ ಮುಂದೆ ಕೂತಿರಿ.